ಟಿವಿಯ ಹೆಸರು ಲ್ಯಾಪ್‌ಟಾಪ್‌ಗೆ ಗೊತ್ತಾ?

ಉತ್ತರಹಳ್ಳಿ ಕಡೆ ಇರುವ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ವರ್ಷಕ್ಕೊಮ್ಮೆ ಲೆಕ್ಕಪತ್ರದ ಸಭೆ ನಡೆಯುತ್ತದೆ. ಕ್ಲಬ್‌ಹೌಸ್‌ನಲ್ಲಿ ಕುರ್ಚಿ ಹಾಕಿ, ಗೋಡೆಯ ಟಿವಿಗೆ ಖಜಾಂಚಿಯವರ ಲ್ಯಾಪ್‌ಟಾಪ್ ಸಿಕ್ಕಿಸುತ್ತೇವೆ. ಈ ಸಲ ಟ್ಯಾಂಕರ್ ನೀರಿನ ಖರ್ಚು ಜಾಸ್ತಿ ಆಗಿತ್ತು. ಹಾಗಾಗಿ ಜನವೂ ಜಾಸ್ತಿ ಸೇರಿದ್ದರು. ಕೇಬಲ್ ಹಾಕಿದರೆ ಪರದೆಯ ಮೇಲೆ ‘ನೋ ಸಿಗ್ನಲ್’. ಹೋದ ವರ್ಷ ಇದೇ ಟಿವಿ, ಇದೇ ಕೇಬಲ್ ಚೆನ್ನಾಗಿ ನಡೆದಿತ್ತು. ಬದಲಾಗಿದ್ದು ಲ್ಯಾಪ್‌ಟಾಪ್ ಮಾತ್ರ.

ಒಬ್ಬರು ಕೇಬಲ್ ಅಲ್ಲಾಡಿಸಿದರು. ಇನ್ನೊಬ್ಬರು ಟಿವಿ ಆಫ್ ಮಾಡಿ ಆನ್ ಮಾಡಿದರು. ನಾನು ಖಜಾಂಚಿಯವರಿಗೆ ಒಂದು ಪ್ರಶ್ನೆ ಕೇಳಿದೆ. “ಸಾರ್, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗೀರಿ. ಅಲ್ಲಿ ಟಿವಿ ಹೆಸರು ಬರ್ತಿದೆಯಾ?”

“ಬರ್ತಿದೆಯಲ್ಲ!” ಅಂದರು ಅವರು.

ಈ ಒಂದು ಉತ್ತರದಿಂದ ಅರ್ಧ ಹುಡುಕಾಟ ಮುಗಿಯುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಟಿವಿಗೂ ಲ್ಯಾಪ್‌ಟಾಪ್‌ಗೂ ನಡುವೆ ಹಾಕುವ ಎಚ್‌ಡಿಎಂಐ ಕೇಬಲ್‌ನ ಪ್ಲಗ್ಗಿನ ಒಳಗೆ ಇಣುಕಬೇಕು.

2002ರ ಡಿಸೆಂಬರ್‌ನಲ್ಲಿ ಎಚ್‌ಡಿಎಂಐನ ಮೊದಲ ಆವೃತ್ತಿ ಬಂತು. ನಾವು ಮಾಮೂಲಾಗಿ ಬಳಸುವ ಪ್ಲಗ್ಗಿನಲ್ಲಿ 19 ಪಿನ್‌ಗಳಿವೆ. ಅವುಗಳಲ್ಲಿ 12 ಪಿನ್‌ಗಳದ್ದು ಚಿತ್ರ ಮತ್ತು ಧ್ವನಿ ಸಾಗಿಸುವ ಕೆಲಸ. ಇವು ಅತಿ ವೇಗದ ದಾರಿಗಳು. ಉಳಿದ ಏಳರಲ್ಲಿ ಹೆಚ್ಚಿನವು ಪರಿಚಯ, ಮಾತುಕತೆಗಾಗಿ ಇವೆ. ಚಿತ್ರ ಬರುವ ಮೊದಲು ಈ ಮಾತುಕತೆ ಆಗಲೇಬೇಕು.

ಅದು ಹೀಗೆ ನಡೆಯುತ್ತದೆ. 18ನೇ ಪಿನ್ ಮೂಲಕ ಲ್ಯಾಪ್‌ಟಾಪ್ 5 ವೋಲ್ಟ್ ಕಳಿಸುತ್ತದೆ. ಟಿವಿ 19ನೇ ಪಿನ್ ಮೂಲಕ ‘ನಾನಿದ್ದೇನೆ’ ಅಂತ ತಿಳಿಸುತ್ತದೆ. ಆಮೇಲೆ ಲ್ಯಾಪ್‌ಟಾಪ್ 15 ಮತ್ತು 16ನೇ ಪಿನ್‌ಗಳಲ್ಲಿ ಟಿವಿಯ ಪರಿಚಯ ಪತ್ರ ಓದುತ್ತದೆ. ಅದರ ಹೆಸರು ಇಡಿಐಡಿ. ತಯಾರಕರ ಗುರುತು, ತಯಾರಾದ ವರ್ಷ, ಪರದೆಯ ಅಗಲ ಎತ್ತರ, ಎಂಥ ಚಿತ್ರ ತೋರಿಸಬಲ್ಲೆ ಎಂಬ ವಿವರ ಎಲ್ಲವೂ ಅದರಲ್ಲಿರುತ್ತವೆ. ಇದರ ಮೂಲ ಭಾಗ ಬರೀ 128 ಬೈಟ್. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಅಷ್ಟು ಜಾಗದಲ್ಲಿ 42 ಚಿಹ್ನೆ ಹಿಡಿಸುತ್ತದೆ, ಒಂದು ಸಣ್ಣ ವಾಕ್ಯ ಅಷ್ಟೇ. ಇಷ್ಟು ಪುಟ್ಟ ಚೀಟಿಯಲ್ಲಿ ಇಡೀ ಟಿವಿಯ ಪರಿಚಯ ಕೂರಿಸಿದವರ ಜಾಣ್ಮೆ ನನಗೆ ತುಂಬಾ ಇಷ್ಟ. ಆ 5 ವೋಲ್ಟ್ ಇರುವುದು ಕೂಡ ಇದಕ್ಕಾಗಿಯೇ. ಟಿವಿ ಆಫ್ ಆಗಿದ್ದರೂ ಚೀಟಿ ಓದಲು ಅಷ್ಟು ವಿದ್ಯುತ್ ಸಾಕು.

ಲ್ಯಾಪ್‌ಟಾಪ್‌ನಲ್ಲಿ ಟಿವಿ ಹೆಸರು ಕಂಡರೆ ಈ ಚೀಟಿ ಕೈ ಸೇರಿದೆ ಅಂತ ಅರ್ಥ. ಕಾಣದಿದ್ದರೆ ಪರಿಚಯವೇ ಆಗಿಲ್ಲ. ಆಗ ನೋಡಬೇಕಾದದ್ದು ಸಡಿಲ ಪ್ಲಗ್, ಕೆಟ್ಟ ಅಡಾಪ್ಟರ್, ಟೈಪ್-ಸಿ ಪೋರ್ಟ್. ಟೈಪ್-ಸಿ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ತೂತು ಒಂದೇ ಥರ ಇದ್ದರೂ ಎಲ್ಲ ಟೈಪ್-ಸಿ ಪೋರ್ಟ್‌ಗಳೂ ಚಿತ್ರ ಕಳಿಸುವುದಿಲ್ಲ. ಕೆಲವು ಚಾರ್ಜ್ ಮಾಡುವುದಕ್ಕೆ, ಫೈಲ್ ಸಾಗಿಸುವುದಕ್ಕೆ ಮಾತ್ರ. ಫೋನ್ ಚಾರ್ಜರ್ ಜೊತೆ ಬರುವ ಕೇಬಲ್‌ಗಳಲ್ಲಿ ಚಿತ್ರಕ್ಕೆ ಬೇಕಾದ ತಂತಿಗಳೇ ಇರದಿರಬಹುದು.

ನಮಗೆ ಹೆಸರು ಸಿಕ್ಕಿತ್ತು. ರಿಮೋಟ್‌ನಲ್ಲಿ ಸರಿಯಾದ ಎಚ್‌ಡಿಎಂಐ ಆರಿಸಿದೆಯಾ ಅಂತ ನೋಡಿದೆ. ಆರಿಸಿತ್ತು. ಹಾಗಾದರೆ ತೊಂದರೆ ವೇಗದ ತಂತಿಗಳಲ್ಲೇ ಇರಬೇಕು.

ಪರಿಚಯ ಪತ್ರ ಸಾಗುವುದು ಸೆಕೆಂಡಿಗೆ ಸುಮಾರು ಒಂದು ಲಕ್ಷ ಬಿಟ್ ವೇಗದಲ್ಲಿ. 1080ಪಿ, ಅಂದರೆ 1920×1080 ಚುಕ್ಕೆಗಳ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಕಳಿಸಬೇಕಾದರೆ ಮೂರು ವೇಗದ ದಾರಿಗಳಲ್ಲಿ ಒಂದೊಂದರಲ್ಲೂ 148.5 ಕೋಟಿ ಬಿಟ್ ಓಡಬೇಕು. ಅಗಲ ಎತ್ತರ ಎರಡರಲ್ಲೂ ದುಪ್ಪಟ್ಟು ಚುಕ್ಕೆಗಳಿರುವ 4ಕೆ ಆದರೆ ಅದರ ನಾಲ್ಕು ಪಟ್ಟು, 594 ಕೋಟಿ. ಹಳೆ ಲ್ಯಾಪ್‌ಟಾಪ್ ಕಳಿಸುತ್ತಿದ್ದದ್ದು 1080ಪಿ. ಹೊಸದು ಚೀಟಿಯಲ್ಲಿ ‘4ಕೆ ಆಗುತ್ತೆ’ ಅಂತ ಓದಿ ನೇರವಾಗಿ 4ಕೆ ಕಳಿಸಿತು. ನಿಧಾನದ ತಂತಿ ಸರಿಯಾಗಿಯೇ ಹೇಳಿತ್ತು. ಆ ಭಾರ ಹೊರುವ ಶಕ್ತಿ ವೇಗದ ತಂತಿಗಿರಲಿಲ್ಲ.

ನಮ್ಮ ಕೇಬಲ್ ಗೋಡೆಯೊಳಗಿನ ಪೈಪಿನಲ್ಲಿ ಹಾದುಹೋಗಿದೆ, 10 ಮೀಟರ್ ಉದ್ದ. ತಂತಿಯಲ್ಲಿ ಸಿಗ್ನಲ್ ಒಂದು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ 4ಕೆಯ ಒಂದೊಂದು ಬಿಟ್ ತಂತಿಯಲ್ಲಿ ಮೂರೂವರೆ ಸೆಂಟಿಮೀಟರ್‌ಗಿಂತ ಕಮ್ಮಿ ಜಾಗ ಹಿಡಿಯುತ್ತದೆ. ನಮ್ಮ ಗೋಡೆಯೊಳಗೆ ಯಾವ ಗಳಿಗೆಯಲ್ಲಿ ನೋಡಿದರೂ ಒಂದು ದಾರಿಯಲ್ಲಿ ಸುಮಾರು 300 ಬಿಟ್‌ಗಳು ಸಾಲಾಗಿ ಓಡುತ್ತಿರುತ್ತವೆ! ವೇಗ ಹೆಚ್ಚಿದಷ್ಟೂ, ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ. ಒಂದು ಬಿಟ್‌ನ ಅಂಚು ಪಕ್ಕದ ಬಿಟ್‌ಗೆ ಕಲಸಿಹೋಗುತ್ತದೆ. ಸ್ವಲ್ಪ ಕಲಸಿದರೆ ಪರದೆ ಮೇಲೆ ಬಿಳಿ ಚುಕ್ಕೆ ಮಿನುಗುತ್ತವೆ. ಜಾಸ್ತಿ ಕಲಸಿದರೆ ಟಿವಿಗೆ ಏನೂ ಅರ್ಥವಾಗುವುದಿಲ್ಲ, ‘ನೋ ಸಿಗ್ನಲ್’ ಅನ್ನುತ್ತದೆ. 1080ಪಿಯಲ್ಲಿ ಒಂದು ಬಿಟ್‌ಗೆ ಹದಿಮೂರು ಸೆಂಟಿಮೀಟರ್‌ಗೂ ಹೆಚ್ಚು ಜಾಗ ಸಿಗುತ್ತದೆ. ಅದೇ ತಂತಿ ಆಗ ಆರಾಮಾಗಿ ನಿಭಾಯಿಸುತ್ತದೆ.

ಲ್ಯಾಪ್‌ಟಾಪ್‌ನ ಪಟ್ಟಿಯಲ್ಲಿ ಟಿವಿಯನ್ನು ಆರಿಸಿ ರೆಸಲ್ಯೂಷನ್ 1920×1080 ಮಾಡಿದೆವು. ಚಿತ್ರ ಬಂತು.

ಆದರೆ ಕೆಳಗಿನ ಸಾಲು ಇರಲಿಲ್ಲ. ಒಟ್ಟು ಮೊತ್ತ ಬರೆದಿದ್ದೇ ಆ ಸಾಲಿನಲ್ಲಿ. ನೂರು ಜನ ಕೂತಿರುವ ಸಭೆಯಲ್ಲಿ ಒಟ್ಟು ಮೊತ್ತವೇ ಕಾಣದಿದ್ದರೆ ಹೇಗೆ? ಇದಕ್ಕೆ ಕಾರಣ ಹಳೆ ಕಾಲದ ಪಿಕ್ಚರ್ ಟ್ಯೂಬ್. ಆ ಟ್ಯೂಬ್‌ಗಳಲ್ಲಿ ಚಿತ್ರದ ಅಂಚು ಒಂದೊಂದು ಸೆಟ್‌ನಲ್ಲಿ ಒಂದೊಂದು ಥರ ಬರುತ್ತಿತ್ತು. ಅಂಚಿನ ಕಪ್ಪು ಪಟ್ಟಿ ಕಾಣದಿರಲಿ ಅಂತ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಟ್ಯೂಬ್ ಹೋದರೂ ಅಭ್ಯಾಸ ಉಳಿದಿದೆ. ಇದೇ ಓವರ್‌ಸ್ಕ್ಯಾನ್. ಮೇಲೆ ಕೆಳಗೆ ಶೇಕಡಾ ಎರಡೂವರೆ ಹೋದರೂ 1080 ಸಾಲುಗಳಲ್ಲಿ ಒಂದೊಂದು ಕಡೆ 27 ಸಾಲು ಮಾಯ. ಒಂದು ಸಾಲು ಅಕ್ಷರಕ್ಕೆ ಅಷ್ಟು ಸಾಕು. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಫಿಟ್ ಟು ಸ್ಕ್ರೀನ್’ ಅನ್ನುವಂಥ ಆಯ್ಕೆ ಹುಡುಕಿ. ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಕುಗ್ಗಿಸುವುದಕ್ಕಿಂತ ಇದೇ ಸರಿಯಾದ ದಾರಿ. ಆಗ ಲ್ಯಾಪ್‌ಟಾಪ್‌ನ ಒಂದೊಂದು ಚುಕ್ಕೆಗೂ ಟಿವಿಯ ಚುಕ್ಕೆಗಳು ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ.

ಮೊತ್ತ ಕಂಡಿತು. ಖೋತಾ ಆದ ಹಣವನ್ನು ಖಜಾಂಚಿಯವರು ಕೆಂಪಿನಲ್ಲಿ ಬರೆದಿದ್ದರು. ಕಪ್ಪು ಅಂಕಿಗಳು ಸ್ಫುಟವಾಗಿದ್ದವು, ಕೆಂಪು ಅಂಕಿಗಳು ಮಾತ್ರ ಮಸುಕು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಕನ್ನಡಕ ಒರೆಸಿಕೊಂಡರು. ತಪ್ಪು ಅವರ ಕಣ್ಣಿನದಲ್ಲ. ನಮ್ಮೆಲ್ಲರ ಕಣ್ಣೂ ಬೆಳಕು ನೆರಳಿನ ಸೂಕ್ಷ್ಮವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಕಲರ್ ಟಿವಿ ಹುಟ್ಟಿದಾಗಿನಿಂದಲೂ ಇದರ ಲಾಭ ಪಡೆದಿದ್ದಾರೆ. ಬೆಳಕಿನ ವಿವರ ಪೂರ್ತಿ ಇಟ್ಟು, ಬಣ್ಣದ ವಿವರ ಕಮ್ಮಿ ಮಾಡುತ್ತಾರೆ. ಎರಡು ಅಥವಾ ನಾಲ್ಕು ಚುಕ್ಕೆಗಳು ಒಂದೇ ಬಣ್ಣ ಹಂಚಿಕೊಳ್ಳುತ್ತವೆ. ಸಿನಿಮಾದಲ್ಲಿ ಇದು ಗೊತ್ತೇ ಆಗುವುದಿಲ್ಲ. ಸಣ್ಣ ಕೆಂಪು ಅಕ್ಷರದಲ್ಲಿ ಎದ್ದು ಕಾಣುತ್ತದೆ. ಬಹಳಷ್ಟು ಟಿವಿಗಳಲ್ಲಿ ಆ ಎಚ್‌ಡಿಎಂಐಗೆ ‘ಪಿಸಿ’ ಅಂತ ಹೆಸರು ಕೊಟ್ಟರೆ ಬಣ್ಣವನ್ನೂ ಪೂರ್ತಿ ವಿವರದಲ್ಲಿ ತೋರಿಸುತ್ತವೆ. ನಮ್ಮದರಲ್ಲೂ ಹಾಗೇ ಆಯಿತು.

ಕೊನೆಗೆ ಒಂದು ವಿಡಿಯೋ ಇತ್ತು, ಅದಕ್ಕೆ ಧ್ವನಿ ಬರಲಿಲ್ಲ. ಸೌಂಡ್ ಸೆಟ್ಟಿಂಗ್‌ನಲ್ಲಿ ಟಿವಿ ಹೆಸರು ಆರಿಸಿದರೆ ಮುಗಿಯಿತು. ಇಲ್ಲೂ ಪಿಕ್ಚರ್ ಟ್ಯೂಬಿನ ಗುರುತು ಉಳಿದಿದೆ. ಒಂದು ಸಾಲು ಬರೆದು ಮುಂದಿನ ಸಾಲಿಗೆ ಮರಳಲು ಟ್ಯೂಬಿನ ಕಿರಣಕ್ಕೆ ಬಿಡುವು ಬೇಕಿತ್ತು. ಆ ಬಿಡುವು ಇವತ್ತಿನ ಸಿಗ್ನಲ್‌ನಲ್ಲೂ ಇದೆ. 1920×1080 ಚಿತ್ರ ನಿಜವಾಗಿ 2200×1125ರ ಜಾಗ ತೆಗೆದುಕೊಳ್ಳುತ್ತದೆ. ಆ ಖಾಲಿ ಅಂಚಿನಲ್ಲಿ ಕೂತು ಬರುವುದೇ ನಾವು ಕೇಳುವ ಧ್ವನಿ.

ಮಾರನೇ ವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡಿಗೆ ಹೋಗಿ ಹೊಸ ಕೇಬಲ್ ತಂದೆವು. ಚಿನ್ನದ ಲೇಪನ ಕೇಳಲಿಲ್ಲ, ಅದರಿಂದ ವೇಗ ಹೆಚ್ಚುವುದಿಲ್ಲ. ಇಷ್ಟು ಉದ್ದಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಒಳ್ಳೆಯದು. ಅದರ ಪ್ಲಗ್ಗಿನಲ್ಲೇ ಇರುವ ಪುಟ್ಟ ಚಿಪ್ ವೇಗದ ಸಿಗ್ನಲ್ ಅನ್ನು ಬೆಳಕಾಗಿಸಿ ಗಾಜಿನ ಎಳೆಯಲ್ಲಿ ಕಳಿಸುತ್ತದೆ. ಆದರೆ ಅದಕ್ಕೆ ದಿಕ್ಕಿದೆ. ಒಂದು ತುದಿ ಲ್ಯಾಪ್‌ಟಾಪ್‌ಗೆ, ಇನ್ನೊಂದು ಟಿವಿಗೆ. ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ. ಪೈಪಿನೊಳಗೆ ಎಳೆಯುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಕೆಳಗಿನ ತುದಿಗೆ ಬಿಳಿ ಟೇಪ್ ಸುತ್ತಿಸಿದೆವು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಲ್ಯಾಪ್‌ಟಾಪ್ ಕಡೆ’ ಅಂತ ಬರೆದಿದೆ.