ಉಪ್ಪಾಗೆ ನೀರು ಕುಡಿದರೆ ಹೊಟ್ಟೆ ಮಾತ್ರ ಕರಗುತ್ತಾ?

ಪ್ರಶ್ನೆ: ನಾನು ಕಾರವಾರದವಳು, ವಯಸ್ಸು 38. ತೂಕ ಅಷ್ಟೇನೂ ಜಾಸ್ತಿ ಇಲ್ಲ, ಆದರೆ ಹೊಟ್ಟೆ ಬಂದಿದೆ. ಮುಖ ಸೊರಗದೆ ಹೊಟ್ಟೆ ಮಾತ್ರ ಇಳಿಯಬೇಕು. ಬೆಳಿಗ್ಗೆ ಉಪ್ಪಾಗೆ ಎಂಬ ಹುಳಿ ಕಾಡುಹಣ್ಣಿನ ಸಿಪ್ಪೆ ನೆನೆಸಿದ ನೀರು ಕುಡಿದರೆ ಆಗುತ್ತದಂತೆ. ಹೌದಾ?

ಉತ್ತರ: ಇಲ್ಲ. ಉಪ್ಪಾಗೆ ಅಂತಲ್ಲ, ನೀವು ತಿನ್ನುವ ಯಾವುದಕ್ಕೂ ಹೊಟ್ಟೆಯ ಕೊಬ್ಬು ಯಾವುದು, ಕೆನ್ನೆಯದು ಯಾವುದು ಅಂತ ಗೊತ್ತಾಗುವುದಿಲ್ಲ.

ಊಟ ಕಡಿಮೆಯಾಗಿ ಮೈಯ ಶಕ್ತಿಯ ಖರ್ಚು ಹೆಚ್ಚಾದಾಗ, ಕೊಬ್ಬನ್ನು ಕೂಡಿಡಿಸುವ ಹಾರ್ಮೋನು ಇನ್ಸುಲಿನ್ ಇಳಿಯುತ್ತದೆ. ಅಡ್ರಿನಲಿನ್‌ನಂಥ ಹಾರ್ಮೋನುಗಳು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತವೆ. ಅವು ತಟ್ಟಿದಲ್ಲೆಲ್ಲ ಕೊಬ್ಬಿನ ಕೋಶಗಳು ತಮ್ಮ ದಾಸ್ತಾನನ್ನು ಒಡೆದು ರಕ್ತಕ್ಕೆ ಬಿಡುತ್ತವೆ. ಯಾವ ಜಾಗ ಬೇಗ ಬಿಡುತ್ತದೆ, ಯಾವುದು ಜಿಪುಣತನ ಮಾಡುತ್ತದೆ ಅನ್ನುವುದು ಹುಟ್ಟಿನಿಂದ, ವಯಸ್ಸಿನಿಂದ, ಹೆಣ್ಣೋ ಗಂಡೋ ಅನ್ನುವುದರಿಂದ ತೀರ್ಮಾನವಾಗುತ್ತದೆ. ಹೆಂಗಸರಲ್ಲಿ ತೊಡೆ, ಸೊಂಟ ಸಾಮಾನ್ಯವಾಗಿ ಕೊನೆಗೆ ಬಿಡುತ್ತವೆ. ನಾನು ಒಮ್ಮೆ ನಾಲ್ಕು ಕೆಜಿ ಇಳಿಸಿದಾಗ ಮೊದಲು ಹೋಗಿದ್ದು ಕೆನ್ನೆ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ಆರಾಮಿಲ್ವಾ?" ಅಂತ ಕೇಳಿದರು. ಬೆಲ್ಟಿನ ತೂತು ಮಾತ್ರ ಹಳೆಯದೇ.

ಹೊಟ್ಟೆಯ ವ್ಯಾಯಾಮದ ಕತೆಯೂ ಇಷ್ಟೇ. 1984ರ ಒಂದು ಪ್ರಯೋಗದಲ್ಲಿ 13 ಗಂಡಸರಿಗೆ 27 ದಿನದಲ್ಲಿ ತಲಾ 5,004 ಸಿಟ್‌ಅಪ್ ಮಾಡಿಸಿದ್ದರು. ಆಮೇಲೆ ಹೊಟ್ಟೆ, ಬೆನ್ನು, ಪೃಷ್ಠದ ಕೊಬ್ಬಿನ ಕೋಶಗಳನ್ನು ತೆಗೆದು ಅಳೆದರೆ, ಮೂರೂ ಕಡೆ ಒಂದೇ ರೀತಿ ಕುಗ್ಗಿದ್ದವು.

ಇನ್ನು ಉಪ್ಪಾಗೆ. ಇದು ನಮ್ಮ ಕಾಡಿನದೇ ಸರಕು. ಶಿರಸಿ, ಸಿದ್ದಾಪುರದ ಕಡೆ ಹಣ್ಣು ಉದುರುವುದು ಮಳೆಗಾಲದಲ್ಲಿ. ಬಿಸಿಲೆಲ್ಲಿ ಬರಬೇಕು? ಸಿಪ್ಪೆಯನ್ನು ಬೆಂಕಿಯ ಮೇಲಿನ ತಟ್ಟಿಯಲ್ಲಿ ಹರವಿ, ಹೊಗೆ ಹಾಕಿಯೇ ಒಣಗಿಸಬೇಕು. ಅಜ್ಜನ ಮನೆಯಲ್ಲಿ ಆ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಸಿಪ್ಪೆ ಮಗುಚಿದ ನೆನಪು ನನಗಿದೆ. ಒಣಗಿದರೆ ಕಪ್ಪಗೆ, ಹಳೇ ಚಪ್ಪಲಿಯ ತುಂಡಿನ ಹಾಗೆ ಕಾಣುತ್ತದೆ. ಅದರ ಹುಳಿಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಇದೆ. ದೇಹ ಸಕ್ಕರೆಯಿಂದ ಕೊಬ್ಬು ತಯಾರಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಅದು ತಡೆಯುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿತು. ಅಷ್ಟು ಸಾಕಾಯಿತು, 'ಗಾರ್ಸಿನಿಯಾ' ಹೆಸರಿನಲ್ಲಿ ಮಾತ್ರೆಗಳು ಬಂದವು.

1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಈ ಆಸಿಡ್, ಇನ್ನೊಂದಕ್ಕೆ ಸುಮ್ನೆ ಹುಸಿ ಮಾತ್ರೆ. ಎರಡೂ ಗುಂಪಿಗೆ ಊಟ ಕಡಿಮೆ ಮಾಡಿಸಿದ್ದರು, ಎರಡೂ ತೂಕ ಇಳಿಸಿಕೊಂಡವು. ಮಾತ್ರೆ ನುಂಗಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಅಡುಗೆಗೆ ಎರಡು ಸಿಪ್ಪೆ ಹಾಕುವುದು ಬೇರೆ, ದಿನಾ ಸಾರ ನುಂಗುವುದು ಬೇರೆ. ತಮಾಷೆ ನೋಡಿ, ಇದೇ ಹಣ್ಣಿನ ಬೀಜದಿಂದ ನಮ್ಮವರು ತೆಗೆಯುವುದು ಉಪ್ಪಾಗೆ ತುಪ್ಪ, ಅಪ್ಪಟ ಕೊಬ್ಬು!

ನಿಮಗೊಂದು ಸಮಾಧಾನದ ಸಂಗತಿ ಇದೆ. ಕರುಳು, ಲಿವರ್ ಸುತ್ತ ಕೂತ ಒಳಗಿನ ಕೊಬ್ಬೇ ಹೆಚ್ಚು ಅಪಾಯದ್ದು, ಆದರೆ ಒಟ್ಟು ತೂಕ ಇಳಿಯತೊಡಗಿದರೆ ಅದು ಬೇಗನೆ ಕರಗುವ ಪೈಕಿ. ಹಾಗಾಗಿ ಕನ್ನಡಿ ಬಿಡಿ, ಟೇಪ್ ಹಿಡಿಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರಿಕೆ. ರಾತ್ರಿಯ ಅನ್ನ ಒಂದು ಸೌಟು ಕಡಿಮೆ ಮಾಡಿ, ಹುರಿದ ಬಂಗಡೆಯ ಬದಲು ಸಾರಿನ ಬಂಗಡೆ ತಿನ್ನಿ, ಸಂಜೆ ಕಡಲತೀರದಲ್ಲಿ ಬಿರುಸಾಗಿ ನಡೆಯಿರಿ. ತಿಂಗಳಿಗೊಮ್ಮೆ ಅಳೆದರೆ ಸಾಕು.

ಉಪ್ಪಾಗೆ ಬಿಟ್ಟು ಮುರುಗಲು (ಕೋಕಂ) ಶರಬತ್ತು ಕುಡಿಯುತ್ತೀರಾದರೆ ಅಡ್ಡಿಯಿಲ್ಲ. ಲೋಟಕ್ಕೆ ಎಷ್ಟು ಚಮಚ ಸಕ್ಕರೆ ಬೀಳುತ್ತಿದೆ ಅಂತ ಮಾತ್ರ ಒಮ್ಮೆ ಎಣಿಸಿ.