ಹಗಲು ಮನೆಯಲ್ಲಿ ಉಳಿಯುವವರಿಗಾಗಿ ಬಡಾವಣೆ ಆರಿಸಿ

ಬೆಂಗಳೂರಿನ ಯಾವ ಬಡಾವಣೆಯಲ್ಲಿ ಹತ್ತು ನಿಮಿಷ ನಡೆದರೂ ‘ಮನೆ ಬಾಡಿಗೆಗಿದೆ, ಫ್ಯಾಮಿಲಿಗೆ ಮಾತ್ರ’ ಎಂಬ ಹಲಗೆಯೊಂದು ಗೇಟಿಗೆ ತೂಗುಬಿದ್ದಿರುತ್ತದೆ. ಹೊರ ಊರಿನಿಂದ ಬಂದವರು ಅದನ್ನು ಓದಿ, ಇದು ಸಂಸಾರಸ್ಥರಿಗೆ ತಕ್ಕ ಜಾಗವಿರಬೇಕು ಎಂದುಕೊಳ್ಳುತ್ತಾರೆ. ಮಾಲೀಕರ ಮನಸ್ಸಿನಲ್ಲಿರುವ ಅರ್ಥವೇ ಬೇರೆ: ಒಂಟಿ ಹುಡುಗರು ಬೇಡ, ರಾತ್ರಿ ಗದ್ದಲ ಬೇಡ, ಐದನೇ ತಾರೀಖಿನೊಳಗೆ ಬಾಡಿಗೆ ಕೈಸೇರಲಿ. ತಮಗೆ ಎಂಥ ಬಾಡಿಗೆದಾರರು ಬೇಕೆಂಬುದನ್ನು ಆ ಹಲಗೆಯಲ್ಲಿ ಬರೆಸಿರುತ್ತಾರೆಯೇ ಹೊರತು, ನಿಮ್ಮ ಮಗುವಿಗೆ ಆಡಲು ಜಾಗವಿದೆಯೇ, ವಯಸ್ಸಾದ ತಾಯಿ ಒಬ್ಬರೇ ಔಷಧದಂಗಡಿಗೆ ಹೋಗಿ ಬರಬಲ್ಲರೇ ಎಂಬ ಬಗ್ಗೆ ಅದರಲ್ಲಿ ಚಕಾರವಿರುವುದಿಲ್ಲ.

ವರ್ಗಾವಣೆಗೊಂಡು ಬರುವ ನೌಕರರ ಕುಟುಂಬಗಳಿಗೆ ಈ ಊರಿನಲ್ಲಿ ಮನೆ ಹುಡುಕಿಕೊಡುವುದು ಹದಿನೆಂಟು ವರ್ಷಗಳಿಂದ ನನ್ನ ವೃತ್ತಿ. ಬರುವವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ: ಆಫೀಸಿಗೆ ಹತ್ತಿರವಾಗಿ ಒಳ್ಳೆಯ ಏರಿಯಾ ಯಾವುದು? ಅದಕ್ಕೆ ಉತ್ತರಿಸುವ ಮೊದಲು ನಾನು ಕೇಳುವ ಪ್ರಶ್ನೆಯೂ ಒಂದೇ. ಬೆಳಗ್ಗೆ ಹನ್ನೊಂದು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಆಫೀಸಿಗೆ ಹೋಗುವವರು ಬಡಾವಣೆಯನ್ನು ನೋಡುವುದು ಹೊರಡುವಾಗ ಮತ್ತು ಮರಳುವಾಗ ಮಾತ್ರ. ಇಡೀ ಹಗಲನ್ನು ಅಲ್ಲಿ ಕಳೆಯುವವರು ಅಜ್ಜಿ, ತಾತ, ಮೂರು ಗಂಟೆಗೆ ಶಾಲೆಯಿಂದ ಬರುವ ಮಕ್ಕಳು ಮತ್ತು ಅವರಿಗಾಗಿ ಮನೆಯಲ್ಲಿ ಉಳಿದವರು. ಆರಿಸುವ ಅಧಿಕಾರ ಮಾತ್ರ ಸಾಮಾನ್ಯವಾಗಿ ಹೊರಹೋಗುವವರ ಕೈಯಲ್ಲಿರುತ್ತದೆ. ಈ ಕಸುಬಿನಲ್ಲಿ ನಾನು ಕಂಡ ತಪ್ಪು ಆಯ್ಕೆಗಳಲ್ಲಿ ಹೆಚ್ಚಿನವುಗಳ ಮೂಲ ಅಲ್ಲಿಯೇ ಇದೆ.

ಮೆಟ್ರೊದ ನೇರಳೆ ಮಾರ್ಗ ಪೂರ್ತಿಯಾಗಿ ತೆರೆದುಕೊಂಡ ಮೇಲೆ ಹುಬ್ಬಳ್ಳಿಯಿಂದ ಬ್ಯಾಂಕ್ ಅಧಿಕಾರಿಯೊಬ್ಬರು ವೈಟ್‌ಫೀಲ್ಡ್ ಕಡೆಯ ಶಾಖೆಗೆ ಬಂದರು. ಜೊತೆಯಲ್ಲಿ ಹೆಂಡತಿ, ಮೂರನೇ ತರಗತಿಯ ಮಗಳು ಮತ್ತು ಅರವತ್ತೆಂಟರ ತಾಯಿ. ಶಾಖೆಗೆ ಎರಡು ಕಿಲೋಮೀಟರ್ ದೂರದ ಅಪಾರ್ಟ್‌ಮೆಂಟೊಂದರ ಒಂಬತ್ತನೇ ಮಹಡಿಯನ್ನು ನನ್ನ ಮಾತಿಗೆ ವಿರುದ್ಧವಾಗಿ ಅವರೇ ಒಪ್ಪಿಕೊಂಡರು. ಈಜುಕೊಳ, ಲಿಫ್ಟ್, ಕಾವಲುಗಾರರು ಎಲ್ಲವೂ ಇದ್ದವು. ಆರು ತಿಂಗಳ ನಂತರ ಮತ್ತೆ ಕರೆದರು. ಹೋದಾಗ ತಾಯಿ ಬಾಲ್ಕನಿಯಲ್ಲಿ ಕುಳಿತಿದ್ದರು. “ಮನಿ ಭಾಳ ಚಲೋ ಐತ್ರಿ. ಆದ್ರ ಕೆಳಗ ಇಳದು ಎಲ್ಲಿಗೆ ಹೋಗೂದು?” ಎಂದರು. ಗೇಟಿನಿಂದ ಹೊರಬಂದರೆ ಕಾಲುದಾರಿಯೇ ಇಲ್ಲದ ರಸ್ತೆ, ಅದರ ತುಂಬ ನೀರಿನ ಟ್ಯಾಂಕರುಗಳು ಮತ್ತು ಕಂಪನಿಗಳ ಬಸ್ಸುಗಳು. ಆ ಆರು ತಿಂಗಳಲ್ಲಿ ಅವರು ಒಬ್ಬರೇ ರಸ್ತೆ ದಾಟಿದ್ದು ಒಮ್ಮೆಯೂ ಇಲ್ಲ. ಮೊಮ್ಮಗಳ ಶಾಲಾ ವ್ಯಾನು ಬೆಳಗ್ಗೆ 6.40ಕ್ಕೆ ಬರುತ್ತಿತ್ತು, ಏಕೆಂದರೆ ಆ ವ್ಯಾನಿನ ಮೊದಲ ನಿಲುಗಡೆಯೇ ಇವರದು. ಬ್ಯಾಂಕಿಗೆ ಹತ್ತು ನಿಮಿಷದ ದಾರಿ ಉಳಿಸಿಕೊಂಡವರು ಒಬ್ಬರು. ಅದರ ಬೆಲೆ ತೆತ್ತವರು ಉಳಿದ ಮೂವರು.

ಬೆಂಗಳೂರಿನಲ್ಲಿ ಯಾವುದೇ ಲೆಕ್ಕಾಚಾರ ನೀರಿನಿಂದ ಆರಂಭವಾಗಬೇಕು. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ, ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಕುಡಿಯುವ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ಮೇಲಕ್ಕೆ ತರಲಾಗುತ್ತದೆ. 2007ರಲ್ಲಿ ಪಾಲಿಕೆಯ ವ್ಯಾಪ್ತಿಗೆ ಸೇರಿದ 110 ಹಳ್ಳಿಗಳ ಪ್ರದೇಶಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಮನೆ ತೋರಿಸುವವರು ಇದನ್ನೇ ಹಿಡಿದು ‘ಕಾವೇರಿ ಬಂದಿದೆ’ ಎನ್ನುತ್ತಾರೆ. ಬೀದಿಯಲ್ಲಿ ಕೊಳವೆ ಬಂದಿರುವುದು ಬೇರೆ, ಆ ಕಟ್ಟಡಕ್ಕೆ ಸಂಪರ್ಕ ಪಡೆದಿರುವುದು ಬೇರೆ, ವಾರದಲ್ಲಿ ಎಷ್ಟು ದಿನ ನೀರು ಹರಿಯುತ್ತದೆ ಎಂಬುದು ಇನ್ನೂ ಬೇರೆ. ಆದ್ದರಿಂದ ಜಲಮಂಡಳಿಯ ಇತ್ತೀಚಿನ ಬಿಲ್ಲನ್ನು ಕೇಳಿ ನೋಡಬೇಕು. ಬಿಲ್ಲಿಲ್ಲದ ಕಾವೇರಿಯನ್ನು ನಾನು ನಂಬುವುದಿಲ್ಲ. ಸಂಪಿನ ಮುಚ್ಚಳ ತೆಗೆಸಿ ಅದು ಎಷ್ಟು ದೊಡ್ಡದಿದೆ, ಎಷ್ಟು ಮನೆಗಳಿಗೆ ಹಂಚಿಕೆಯಾಗುತ್ತದೆ ಎಂದು ವಿಚಾರಿಸಬೇಕು. ನಿಜವಾದ ಉತ್ತರ ಮಾಲೀಕರಿಗಿಂತ ಮೋಟಾರು ಹಾಕುವ ಕಾವಲುಗಾರನ ಬಳಿ ಸಿಗುತ್ತದೆ. “ಏಪ್ರಿಲ್‌ನಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ತರಿಸಿದಿರಪ್ಪಾ?” ಎಂದು ಕೇಳಿದರೆ ಸಾಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದಾಗ, 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ ಸಾವಿರ ರೂಪಾಯಿ ಎಂದು ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. ಬಾಡಿಗೆಯಲ್ಲಿ ಉಳಿಯಿತೆಂದುಕೊಂಡ ಮೂರು ನಾಲ್ಕು ಸಾವಿರ ಇಂಥ ಟ್ಯಾಂಕರುಗಳಿಗೇ ಸುರಿದುಹೋಗುವುದುಂಟು.

ನೀರಿಲ್ಲದ ಊರಿನಲ್ಲಿ ನೀರು ನುಗ್ಗುವ ಮನೆಗಳೂ ಇರುವುದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ದಿಬ್ಬದ ಮೇಲೆ ಬಿದ್ದ ಮಳೆ ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ಕೆರೆಯಿಂದ ಕೆರೆಗೆ ಇಳಿದು ಹೋಗುತ್ತಿತ್ತು. ಕೆರೆಗಳನ್ನು ಜೋಡಿಸುತ್ತಿದ್ದ ಆ ರಾಜಕಾಲುವೆಗಳ ಅಂಚಿನಲ್ಲಿ, ಕೆಲವೆಡೆ ಅವುಗಳ ಮೇಲೆಯೇ, ಇಂದು ಮನೆಗಳಿವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತು, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆಯಿತ್ತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಸರ್ಜಾಪುರ ರಸ್ತೆ ಮತ್ತು ಬೆಳ್ಳಂದೂರು ಭಾಗದ ಕೋಟಿ ಬೆಲೆಯ ವಿಲ್ಲಾಗಳಿಂದಲೂ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತರಬೇಕಾಯಿತು. ಬಾಡಿಗೆ ಮನೆ ನೋಡಲು ಹೋದಾಗ ನಾನು ಕಾಂಪೌಂಡಿನ ಒಳಗೋಡೆಯನ್ನು ನೋಡುತ್ತೇನೆ. ಮೊಣಕಾಲೆತ್ತರದಲ್ಲಿ ಒಂದೇ ನೇರಕ್ಕೆ ಕಂದುಗೆರೆಯಿದ್ದರೆ, ಅಥವಾ ಅಷ್ಟೆತ್ತರಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಅಲ್ಲಿ ನೀರು ನಿಂತಿತ್ತೆಂದು ತಿಳಿಯಬಹುದು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನೀರೆತ್ತುವ ಪಂಪು ಮೂಲೆಯಲ್ಲಿ ಸಿದ್ಧವಾಗಿ ಕುಳಿತಿದ್ದರೆ ಅದೂ ಒಂದು ಸಾಕ್ಷಿ. ಅಕ್ಕಪಕ್ಕದ ಮನೆಗಳು ಗೇಟಿನ ಬಳಿ ಅಡ್ಡಗೋಡೆಯಂತೆ ಎತ್ತರದ ಕಟ್ಟೆ ಕಟ್ಟಿಸಿಕೊಂಡಿದ್ದರೆ, ಅವರು ಶೋಕಿಗೆ ಹಾಗೆ ಮಾಡಿದ್ದಲ್ಲ.

ಬಡಾವಣೆಯ ಹುಟ್ಟನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯ ಪ್ರಕಾರ ಅದು ರಚಿಸುವ ಬಡಾವಣೆಯಲ್ಲಿ ಉದ್ಯಾನ ಮತ್ತು ಆಟದ ಮೈದಾನಗಳಿಗೆ ಕನಿಷ್ಠ ಶೇ 15ರಷ್ಟು, ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಗಳಿಗೆ ಮತ್ತೆ ಶೇ 10ರಷ್ಟು ಜಾಗ ಬಿಡಬೇಕು. ಆಡುಮಾತಿನಲ್ಲಿ ಈ ನಾಗರಿಕ ಸೌಲಭ್ಯದ (ಸಿವಿಕ್ ಅಮೆನಿಟಿ) ಜಾಗಗಳನ್ನೇ ‘ಸಿಎ ಸೈಟು’ ಎನ್ನುವುದು. ಹೊಲಗಳನ್ನು ಸೈಟು ಮಾಡಿ ಮಾರಿದ ರೆವಿನ್ಯೂ ಬಡಾವಣೆಗಳಲ್ಲಿ ಇಂಥ ಕಟ್ಟುಪಾಡನ್ನು ಪಾಲಿಸಿದವರು ವಿರಳ. ಇಪ್ಪತ್ತಡಿ ರಸ್ತೆ, ಎರಡೂ ಬದಿ ಗೋಡೆಗೆ ಗೋಡೆ ಅಂಟಿಸಿ ಎದ್ದ ನಾಲ್ಕಂತಸ್ತು, ಕೊನೆಯ ಸೈಟೂ ಮಾರಾಟವಾಗಿ ಮಕ್ಕಳಿಗೆ ರಸ್ತೆಯೇ ಮೈದಾನ. 1898ರ ಪ್ಲೇಗಿನ ಪಾಠದಿಂದ ಗಾಳಿ ಬೆಳಕಿಗೆ ಒತ್ತು ಕೊಟ್ಟು ಬೆಳೆದ ಮಲ್ಲೇಶ್ವರ, ಬಸವನಗುಡಿಗಳಾಗಲಿ, 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವಾಗಲಿ ಇಂದಿಗೂ ಬೇಡಿಕೆ ಕಳೆದುಕೊಳ್ಳದಿರಲು ಹಳೆಯದರ ಮೇಲಿನ ಮೋಹವೊಂದೇ ಕಾರಣವಲ್ಲ. ಅಲ್ಲಿ ಮುಖ್ಯರಸ್ತೆ, ಅಡ್ಡರಸ್ತೆಗಳ ಲೆಕ್ಕ ನೇರವಾಗಿದೆ, ಮರದ ನೆರಳಿದೆ, ಮಾರುಕಟ್ಟೆ ನಡೆದುಹೋಗುವಷ್ಟು ದೂರದಲ್ಲಿದೆ. ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ ಇರುವುದರಿಂದ ಮಧ್ಯಮ ವರಮಾನದವರಿಗೆ ನಾನು ಹೆಚ್ಚಾಗಿ ವಿಜಯನಗರ, ಚಂದ್ರಾ ಲೇಔಟ್, ನಾಗರಬಾವಿ, ಯಲಹಂಕ ಉಪನಗರ, ಬನಶಂಕರಿಯ ಒಳಭಾಗಗಳನ್ನು ತೋರಿಸುತ್ತೇನೆ. ಇಲ್ಲಿಯೂ ಬೀದಿಯಿಂದ ಬೀದಿಗೆ ವ್ಯತ್ಯಾಸವಿದೆ. ಒಂದು ಅಡ್ಡರಸ್ತೆ ಸಂಸಾರಗಳದ್ದಾಗಿದ್ದರೆ ಪಕ್ಕದ್ದು ಪೂರ್ತಿ ಪಿಜಿಗಳದ್ದಾಗಿರಬಹುದು. ಪಿಜಿಯ ಹುಡುಗ ಹುಡುಗಿಯರ ಬಗ್ಗೆ ನನಗೆ ತಕರಾರಿಲ್ಲ, ನಾನೂ ಈ ಊರಿಗೆ ಹಾಗೆಯೇ ಬಂದವನು. ಮೂವತ್ತು ಜನರಿಗೆ ಕಟ್ಟಿದ ಒಳಚರಂಡಿಗೆ ಮುನ್ನೂರು ಜನರ ನೀರು ಬಿದ್ದಾಗ ಮ್ಯಾನ್‌ಹೋಲು ಉಕ್ಕುವುದು ನಿಮ್ಮ ಬಾಗಿಲ ಮುಂದೆ ಎಂಬುದಷ್ಟೇ ನನ್ನ ಮಾತು.

ಶಾಲೆಯ ವಿಷಯದಲ್ಲಿ ಕ್ರಮ ತಿರುವುಮುರುವಾಗುವುದೇ ಹೆಚ್ಚು. ಮನೆ ಹಿಡಿದು ಅಡ್ವಾನ್ಸ್ ಕೊಟ್ಟು ನಂತರ ಸೀಟು ಹುಡುಕುತ್ತಾರೆ. ಟಿಸಿ ಕೈಗೆ ಬರುವ ಮೊದಲೇ ಎರಡು ಮೂರು ಶಾಲೆಗಳಲ್ಲಿ ಸೀಟಿನ ಖಾತ್ರಿ ಮಾಡಿಕೊಂಡು, ಅವುಗಳ ಸುತ್ತ ಮನೆ ನೋಡುವುದು ಸರಿಯಾದ ದಾರಿ. ಶಾಲೆ ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ ನಡುವೆ ಹೊರವರ್ತುಲ ರಸ್ತೆಯನ್ನು ದಾಟಬೇಕೇ ಎನ್ನುವುದು ಮುಖ್ಯ. ದಾಟಬೇಕೆಂದಾದರೆ ಎರಡು ಕಿಲೋಮೀಟರೂ ಮುಕ್ಕಾಲು ಗಂಟೆಯಾಗಬಹುದು. ವ್ಯಾನಿನ ಚಾಲಕನನ್ನು ಕಂಡು ನಿಮ್ಮ ಬೀದಿ ಎಷ್ಟನೇ ನಿಲುಗಡೆ ಎಂದು ಕೇಳಿ. ಮುಂಬೈ, ಪುಣೆಗಳಿಂದ ಮರಳುವ ಕನ್ನಡಿಗರು ಇನ್ನೊಂದನ್ನು ನೆನಪಿಡಬೇಕು: ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರ ಪ್ರಕಾರ ಇಲ್ಲಿನ ಶಾಲೆಗಳಲ್ಲಿ, ಸಿಬಿಎಸ್‌ಇ ಆದರೂ, ಕನ್ನಡ ಕಲಿಯಲೇಬೇಕು, ಮನೆಯಲ್ಲಿ ಮಾತಾಡುವ ಮಗುವಿಗೂ ಅಕ್ಷರ ಬಾರದಿದ್ದರೆ ಮೊದಲ ವರ್ಷ ಪಕ್ಕದಲ್ಲಿ ಪಾಠ ಹೇಳುವವರೊಬ್ಬರು ಬೇಕಾಗುತ್ತಾರೆ.

ಹಾಗಾದರೆ ಕೆಲಸಕ್ಕೆ ಹೋಗುವವರ ಗತಿಯೇನು ಎಂದು ಕೇಳಬಹುದು. ಮೆಟ್ರೊದಿಂದ ಈ ಲೆಕ್ಕ ಬದಲಾಗಿದೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ಣಗೊಂಡಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಆರಂಭವಾಗಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಜಯನಗರದ ಆಚೀಚೆ ಸಂಸಾರ ಹೂಡುವುದು ಈಗ ಸಾಧ್ಯ. ಆದರೆ ನಿಲ್ದಾಣದ ಹೆಸರು ಕೇಳಿ ಮರುಳಾಗಬಾರದು. ಮನೆ ಬಾಗಿಲಿನಿಂದ ನಿಲ್ದಾಣದ ಮೆಟ್ಟಿಲಿನ ತನಕ ನೀವೇ ನಡೆದು ನೋಡಿ, ಆಟೊದವರನ್ನು ಅವಲಂಬಿಸಬೇಕಾದರೆ ಅದನ್ನು ಹತ್ತಿರವೆಂದು ಎಣಿಸಬೇಡಿ. ಹಾಗೆಯೇ ಬಿಎಂಟಿಸಿ ನಿಲುಗಡೆಯನ್ನೂ ನೋಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳು ಮಹಿಳೆಯರಿಗೆ ಉಚಿತವಾದ ಮೇಲೆ, ನಿಲುಗಡೆ ಹತ್ತಿರವಿರುವ ಮನೆಗಳ ಅತ್ತೆ, ಅಮ್ಮಂದಿರು ಯಾರನ್ನೂ ಕೇಳದೆ ದೇವಸ್ಥಾನಕ್ಕೋ ತಂಗಿಯ ಮನೆಗೋ ಹೋಗಿಬರುವುದನ್ನು ನಾನು ಕಂಡಿದ್ದೇನೆ.

ಒಂದು ಬೀದಿಯನ್ನು ಅಳೆಯಲು ನನ್ನದೊಂದು ಹಳೆಯ ಪದ್ಧತಿಯಿದೆ. ಮನೆಯ ಹಿರಿಯರನ್ನು ಕರೆದುಕೊಂಡು ಸಂಜೆ ಆರಕ್ಕೆ ಅಲ್ಲಿಗೆ ಹೋಗುತ್ತೇನೆ. ಗೇಟಿನಿಂದ ನಂದಿನಿ ಬೂತಿಗೆ, ಅಲ್ಲಿಂದ ತರಕಾರಿ ಗಾಡಿಗೆ, ಅಲ್ಲಿಂದ ಪಾರ್ಕಿಗೆ ಅವರ ವೇಗದಲ್ಲಿಯೇ ನಡೆಯುತ್ತೇವೆ. ಕಾಲುದಾರಿಯ ಕಲ್ಲು ಎಲ್ಲಿ ಅಲುಗುತ್ತದೆ, ಎಲ್ಲಿ ಕೆಳಗಿಳಿದು ವಾಹನಗಳ ನಡುವೆ ಹೋಗಬೇಕು, ಯಾವ ಮೂಲೆಯಲ್ಲಿ ನಾಯಿಗಳು ಗುಂಪಾಗಿರುತ್ತವೆ, ಬೀದಿದೀಪ ಹೊತ್ತಿಕೊಂಡಿತೇ, ಪಾರ್ಕಿನ ಬಾಗಿಲು ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ತೆರೆದಿರುತ್ತದೆಯೇ ಎಂಬುದೆಲ್ಲ ಆ ಅರ್ಧ ಗಂಟೆಯಲ್ಲಿ ತಿಳಿದುಬಿಡುತ್ತದೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತ ಹೆಂಗಸರ ಪಕ್ಕದಲ್ಲಿ ಹಿರಿಯರನ್ನು ಕೂರಿಸಿ ನಾನು ದೂರ ಸರಿಯುತ್ತೇನೆ. ಐದು ನಿಮಿಷದಲ್ಲಿ ಅವರಿಗೆ ಸಿಗುವ ವರ್ತಮಾನವನ್ನು ಯಾವ ಬ್ರೋಕರನೂ ಕೊಡಲಾರ. ಸಾಧ್ಯವಾದರೆ ಬೆಳಗ್ಗೆ ಎಂಟರ ಸುಮಾರಿಗೂ ಒಮ್ಮೆ, ಜೋರು ಮಳೆ ಬಂದ ಮರುದಿನ ಒಮ್ಮೆ ಹೋಗಿಬನ್ನಿ. ಭಾನುವಾರ ಮಧ್ಯಾಹ್ನ ಮಾತ್ರ ಮನೆ ನೋಡುವವರಿಗೆ ಬೆಂಗಳೂರಿನ ಎಲ್ಲ ಬೀದಿಗಳೂ ಶಾಂತವಾಗಿಯೇ ಕಾಣುತ್ತವೆ.

ಹಣದ ಬಗ್ಗೆ ಎರಡೇ ಮಾತು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಇಲ್ಲಿ ಹಳೆಯದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳಿದೆಯೆಂದು ಉಲ್ಲೇಖಿಸಿ ಚೌಕಾಶಿ ಮಾಡಿದರೆ ಐದಾರು ತಿಂಗಳಿಗೆ ಇಳಿಯುವವರಿದ್ದಾರೆ. ವಿದ್ಯುತ್ ಮೀಟರು ನಿಮ್ಮ ಮನೆಗೆ ಪ್ರತ್ಯೇಕವಾಗಿದೆಯೇ, ಬಿಲ್ಲಿನಲ್ಲಿರುವ ಬೆಸ್ಕಾಂನ ಆರ್‌ಆರ್ ಸಂಖ್ಯೆ ಯಾವುದು ಎಂದು ಕರಾರಿನಲ್ಲಿ ಬರೆಸಿಕೊಳ್ಳಿ; ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಅರ್ಹರು, ಆದರೆ ಮೂರು ಮನೆಗಳಿಗೆ ಒಂದೇ ಮೀಟರಿದ್ದರೆ ಅದರ ಪ್ರಯೋಜನ ಕೈಗೆ ಹತ್ತುವುದಿಲ್ಲ.

ಹುಬ್ಬಳ್ಳಿಯ ಕುಟುಂಬಕ್ಕೆ ಕೊನೆಗೆ ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಮೊದಲ ಮಹಡಿಯ ಮನೆ ಸಿಕ್ಕಿತು. ಹಜಾರ ಮೊದಲಿನದಕ್ಕಿಂತ ಚಿಕ್ಕದು, ಕಾರು ರಸ್ತೆಯಲ್ಲಿಯೇ ನಿಲ್ಲಬೇಕು. ಎರಡು ಬೀದಿ ದಾಟಿದರೆ ಜೋಳದ ರೊಟ್ಟಿಯ ಖಾನಾವಳಿ, ನಾಲ್ಕು ಬೀದಿಗೆ ಶಾಲೆ. ಅಧಿಕಾರಿಗಳು ಈಗ ಬೆಳಗ್ಗೆ ಸುಮಾರು ಒಂದು ಗಂಟೆ ಹೊತ್ತು ಮೆಟ್ರೊದಲ್ಲಿ ಪ್ರಯಾಣ ಮಾಡುತ್ತಾರೆ, ಅದೂ ಬಹಳಷ್ಟು ದಿನ ನಿಂತುಕೊಂಡೇ. ಸಿಕ್ಕಾಗಲೆಲ್ಲ ಅದನ್ನು ನನಗೆ ದೂರು ಹೇಳುತ್ತಾರೆ. ತಾಯಿಯವರು ಮಧ್ಯಾಹ್ನ ಮೂರಕ್ಕೆ ಕೈಯಲ್ಲಿ ಬಟ್ಟೆಚೀಲ ಹಿಡಿದು ಮೊಮ್ಮಗಳನ್ನು ಕರೆತರಲು ಶಾಲೆಯ ಗೇಟಿಗೆ ಹೋಗುತ್ತಾರೆ, ಬರುವಾಗ ಗಾಡಿಯವನೊಂದಿಗೆ ಜಗಳವಾಡಿ ಮೆಂತ್ಯೆ ಸೊಪ್ಪು ತರುತ್ತಾರೆ.