ಆರೋಪಿಯ ಮುಖಕ್ಕೆ ಮುಸುಕು ಯಾಕೆ?

ಊರಲ್ಲಿ ಒಂದು ಕೊಲೆ ಆದರೆ ಸಾಕು, ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ನಾನು ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರದ ಪರ ಕೇಸು ನಡೆಸುವವಳು. ನೆಂಟರು, ಹಳೆಯ ಗೆಳತಿಯರು, ಪಕ್ಕದ ಮನೆಯವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಅಲ್ಲ ಮೇಡಂ, ಅಂಥ ಕೆಲಸ ಮಾಡಿದವನಿಗೆ ಪೊಲೀಸರು ಮುಸುಕು ಹಾಕಿ ಕರ್ಕೊಂಡು ಹೋಗ್ತಾರಲ್ಲ, ಅವನಿಗೆಂಥ ಮರ್ಯಾದೆ?" ಅಷ್ಟರಲ್ಲಿ ಯಾರೋ ಒಬ್ಬರು ಅವನ ಫೋಟೋ ಸಂಪಾದಿಸಿ ಗ್ರೂಪಿಗೆ ಹಾಕಿರುತ್ತಾರೆ. ಕೆಳಗೆ ಒಂದು ಸಾಲು: ಎಲ್ಲರಿಗೂ ಕಳಿಸಿ, ಇವನ ಮುಖ ಊರಿಗೇ ಗೊತ್ತಾಗಲಿ.

ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಶವಪರೀಕ್ಷೆಯ ವರದಿ ಓದುವವಳು ನಾನು. ರಾತ್ರಿ ಊಟ ಸೇರದ ದಿನಗಳು ನನಗೂ ಇವೆ. ಆದರೂ ಈ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಜನರಿಗೆ ನಾಟುತ್ತಿಲ್ಲ. ಆ ಮುಸುಕು ಇರುವುದು ಸತ್ತವರ ಕೇಸು ಉಳಿಯಲಿ ಅಂತ.

ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೊಲೆ ಮಾಡಿದವನು ಸಾಕ್ಷಿಗೆ ಮೊದಲೇ ಪರಿಚಯ ಇದ್ದರೆ ಈ ತೊಂದರೆ ಇಲ್ಲ. ಅಣ್ಣನೋ ಗಂಡನೋ ಪಕ್ಕದ ಜಮೀನಿನವನೋ ಆಗಿದ್ದರೆ ಸಾಕ್ಷಿ ಹೆಸರನ್ನೇ ಹೇಳುತ್ತಾರೆ. ಆದರೆ ಅಪರಿಚಿತನಾದರೆ? ಸಾಕ್ಷಿ ಅವನನ್ನು ನೋಡಿದ್ದು ಒಂದೆರಡು ನಿಮಿಷ, ಅದೂ ಗಾಬರಿಯಲ್ಲಿ. ಹಾಗಾಗಿ ಬಂಧನ ಆದ ಮೇಲೆ ಗುರುತು ಪತ್ತೆ ಪರೇಡ್ ಮಾಡಿಸುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಜೈಲಿಗೆ ಹೋಗಿ ಇದನ್ನು ನಡೆಸುತ್ತಾರೆ. ಆರೋಪಿಯ ವಯಸ್ಸು, ಎತ್ತರ, ಮೈಕಟ್ಟು ಹೋಲುವ ಕೆಲವರನ್ನು ಸಾಲಾಗಿ ನಿಲ್ಲಿಸುತ್ತಾರೆ. ಆ ಸಾಲಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಲು ಆರೋಪಿಗೆ ಅವಕಾಶ ಇದೆ. ಪೊಲೀಸರು ಹತ್ತಿರ ಇರುವಂತಿಲ್ಲ. ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಾರೆ. ನೋಡಿ ಮುಗಿಸಿದವರು ಹೊರಗೆ ಕಾಯುತ್ತಿರುವವರ ಜೊತೆ ಮಾತಾಡದ ಹಾಗೆ ಬೇರೆ ಕಡೆಯಿಂದ ಕಳಿಸುತ್ತಾರೆ.

ಇಷ್ಟೆಲ್ಲ ಶಿಸ್ತು ಒಂದೇ ಪ್ರಶ್ನೆಗಾಗಿ. ಸಾಕ್ಷಿ ಗುರುತಿಸುತ್ತಿರುವುದು ಕೊಲೆಯ ದಿನ ನೋಡಿದ ಮುಖವನ್ನೋ, ಆಮೇಲೆ ಬೇರೆ ಎಲ್ಲೋ ನೋಡಿದ ಮುಖವನ್ನೋ? ಅದು ಕೊಲೆಯ ದಿನದ್ದೇ ಅಂತ ತೋರಿಸುವ ಹೊರೆ ನನ್ನದು. ಮುಸುಕು ಹಾಕಿಯೇ ಕರೆತಂದರು, ಪರೇಡ್‌ಗೆ ಮುಂಚೆ ಸಾಕ್ಷಿ ಅವನನ್ನು ನೋಡಿಲ್ಲ ಅಂತ ಹೇಳಲು ಸಾಧ್ಯವಾದರೆ ನನ್ನ ಕಾಲ ಕೆಳಗೆ ನೆಲ ಇರುತ್ತದೆ. ಫೋಟೋ ಹರಿದಾಡಿದ್ದರೆ ಆ ನೆಲವೇ ಇಲ್ಲ. ಆರೋಪಿ ಪರೇಡ್‌ಗೆ ನಿಲ್ಲಲು ಒಪ್ಪದಿದ್ದರೆ ಅದನ್ನೇ ಅವನ ವಿರುದ್ಧ ವಾದಿಸಬಹುದು. ಆದರೆ "ನನ್ನ ಫೋಟೋ ಆಗಲೇ ಟಿವಿಯಲ್ಲಿ ಬಂದಿದೆ, ಇನ್ನೆಂಥ ಪರೇಡ್" ಅಂತ ಅವನು ಹೇಳಿದರೆ ನಾನೇನು ಉತ್ತರ ಕೊಡಲಿ?

"ಕೋರ್ಟಿನಲ್ಲೇ ಗುರುತಿಸಲಿ ಬಿಡಿ" ಅನ್ನುವವರಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಸಾಕ್ಷಿ ಕೋರ್ಟಿನಲ್ಲಿ ನಿಂತು ಗುರುತಿಸುವುದೇ ಮುಖ್ಯ ಸಾಕ್ಷ್ಯ, ನಿಜ. ಪರೇಡ್ ಅದಕ್ಕೆ ಆಸರೆ ಅಷ್ಟೇ. ಆದರೆ ಆ ಹೊತ್ತಿಗೆ ಮೂರು ನಾಲ್ಕು ವರ್ಷ ಕಳೆದಿರುತ್ತದೆ. ಆರೋಪಿಗಳ ಜಾಗದಲ್ಲಿ ನಿಂತವನು ಯಾರು ಅಂತ ಯಾರಿಗಾದರೂ ಗೊತ್ತಾಗುತ್ತದೆ, ಅಲ್ವಾ? ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು.

ಒಂದು ಕೇಸು ಮರೆಯಲು ಆಗುತ್ತಿಲ್ಲ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಂಟಿ ಮನೆಯಲ್ಲಿದ್ದ ವಯಸ್ಸಾದ ಹೆಂಗಸನ್ನು ಒಡವೆಗಾಗಿ ಕೊಂದಿದ್ದರು. ನಸುಕಿನಲ್ಲಿ ಗೇಟು ತೆರೆದು ಹೊರಬಂದ ಇಬ್ಬರನ್ನು ನೋಡಿದ್ದು ಹೂವು ಮಾರುವ ಒಬ್ಬ ಅಮ್ಮ. ಪರೇಡ್‌ನಲ್ಲಿ ಇಬ್ಬರನ್ನೂ ಗುರುತಿಸಿದ್ದರು. ಕೋರ್ಟಿನಲ್ಲಿ ನನ್ನ ಪ್ರಶ್ನೆಗಳಿಗೆ ಚೊಕ್ಕವಾಗಿ ಉತ್ತರಿಸಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು, ದನಿ ಮಾತ್ರ ಗಟ್ಟಿ. ಆಮೇಲೆ ಪಾಟೀ ಸವಾಲು. ಎದುರು ವಕೀಲರು ಹಿರಿಯರು, ಒಂದು ದಿನವೂ ಸಾಕ್ಷಿಯ ಮೇಲೆ ದನಿ ಏರಿಸಿದವರಲ್ಲ.

"ಅಮ್ಮಾ, ನಿಮ್ಮ ಮಗನ ಹತ್ರ ದೊಡ್ಡ ಫೋನ್ ಇದೆಯಾ?"

"ಇದೆ ಸ್ವಾಮಿ."

"ಇವರಿಬ್ಬರು ಸಿಕ್ಕಿಬಿದ್ದ ಸುದ್ದಿ ಅದರಲ್ಲಿ ಬಂದಿತ್ತಾ?"

"ಬಂದಿತ್ತು. ಫೋಟೋ ತೋರಿಸ್ದ. ಇವರೇ ಕಣೋ ಅಂದೆ."

"ಅದು ನೀವು ಜೈಲಿಗೆ ಹೋಗಿ ಗುರುತಿಸೋಕೆ ಮುಂಚೆನಾ, ಆಮೇಲಾ?"

"ಮುಂಚೆ."

ಅವರು ಸುಳ್ಳು ಹೇಳಲಿಲ್ಲ. ಒಂದೇ ಒಂದು ಸುಳ್ಳು ಹೇಳಿದ್ದರೂ ಸಾಕಿತ್ತು, ಹೇಳಲಿಲ್ಲ. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ. ಅವರು ನೋಡಿದ್ದು ನಿಜ ಅಂತಲೇ ನಾನು ನಂಬಿದ್ದೇನೆ. ಆದರೆ ನ್ಯಾಯಾಧೀಶರು ನನ್ನ ನಂಬಿಕೆಯ ಮೇಲೆ ತೀರ್ಪು ಕೊಡುವಂತಿಲ್ಲ. ಅನುಮಾನದ ಲಾಭ ಕೊಟ್ಟು ಖುಲಾಸೆ ಮಾಡಿದರು. ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಒಡವೆ ಜಪ್ತಿ ಮಾಡುವಾಗ ಬರೆದ ದಾಖಲೆಗೆ, ಅಂದರೆ ಮಹಜರಿಗೆ, ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರು ಕೋರ್ಟಿನಲ್ಲಿ ಉಲ್ಟಾ ಹೊಡೆದಿದ್ದರು, ಅದೂ ಸೇರಿಕೊಂಡಿತು. ಆದರೆ ತೀರ್ಪಿನಲ್ಲಿ ಆ ಫೋಟೋಗೇ ಒಂದೂವರೆ ಪುಟ ಇತ್ತು.

ಆ ಫೋಟೋವನ್ನು ಮೊದಲು ಗ್ರೂಪಿಗೆ ಹಾಕಿದ್ದು ಸತ್ತವರ ಅಣ್ಣನ ಮಗ. ಸಿಟ್ಟಲ್ಲಿ ಹಾಕಿದ್ದ. ತೀರ್ಪಿನ ದಿನ ವರಾಂಡದಲ್ಲಿ ನನ್ನ ಹತ್ತಿರ ಬಂದು, "ನನ್ನಿಂದಾನಾ ಮೇಡಂ?" ಅಂತ ಕೇಳಿದ. ಮೇಲ್ಮನವಿಗೆ ಬರೆಯುತ್ತೇನೆ ಅಂತಷ್ಟೇ ಹೇಳಿದೆ. ಬರೆದೆ ಕೂಡ.

ಇನ್ನೊಂದು ಮಾತು ಬರುತ್ತದೆ. "ಅವನೇ ಬಾಯಿಬಿಟ್ಟಿದ್ದಾನಲ್ಲ, ಇನ್ನು ಗುರುತು ಗಿರುತು ಯಾಕೆ?" ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯ ಆಗುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಹಾಗೇ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಇದೆ. ಅವನು ಹೇಳಿದ ಜಾಗದಲ್ಲಿ ಚಾಕು ಸಿಕ್ಕರೆ, ಆ ಚಾಕುವಿನ ಪತ್ತೆಗೆ ಸಂಬಂಧಪಟ್ಟ ಮಾತಷ್ಟೇ ಉಪಯೋಗಕ್ಕೆ ಬರುತ್ತದೆ. ಇದಕ್ಕಿಂತ ಜಾಸ್ತಿ ಇಲ್ಲಿ ಹೇಳಲು ಹೋಗುವುದಿಲ್ಲ.

ಯಾಕೆ ಹಾಗೆ ಅಂತ ಕೇಳುವವರಿಗೆ ನಾನು ಗುರುಗ್ರಾಮದ ಕೇಸು ನೆನಪಿಸುತ್ತೇನೆ. 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಒಂದು ಶಾಲೆಯಲ್ಲಿ ಏಳು ವರ್ಷದ ಹುಡುಗನ ಕೊಲೆ ಆಯಿತು. ಶಾಲಾ ಬಸ್ಸಿನ ಕಂಡಕ್ಟರನ್ನು ಹಿಡಿದರು. ಕ್ಯಾಮೆರಾಗಳ ಮುಂದೆ ಆತ ಒಪ್ಪಿಕೊಂಡ. ದೇಶವೆಲ್ಲ ಆ ಮುಖ ನೋಡಿತು, ಗಲ್ಲಿಗೇರಿಸಿ ಅಂದಿತು. ನವೆಂಬರ್‌ನಲ್ಲಿ ಸಿಬಿಐ ಅದೇ ಶಾಲೆಯ ಹನ್ನೊಂದನೇ ತರಗತಿಯ ಹುಡುಗನನ್ನು ವಶಕ್ಕೆ ತೆಗೆದುಕೊಂಡಿತು. ಕಂಡಕ್ಟರ್ ವಿರುದ್ಧದ ಆರೋಪವನ್ನು ಕೋರ್ಟು 2018ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಆತ ಆಮೇಲೆ ಊರಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ಆತನ ಹೆಂಡತಿ ಮಕ್ಕಳು? ಅವತ್ತು ಆ ಫೋಟೋ ಕಳಿಸಿದ ಎಷ್ಟು ಜನ ಆಮೇಲೆ "ಇವನಲ್ಲ" ಅಂತ ಇನ್ನೊಂದು ಸಲ ಕಳಿಸಿರಬಹುದು?

ಊರಿನ ವಕೀಲರು ಯಾರೂ ಇವನ ಪರ ನಿಲ್ಲಬಾರದು ಅಂತ ಪಟ್ಟು ಹಿಡಿಯುವುದೂ ಕೇಸಿಗೆ ಪೆಟ್ಟೇ. ವಕೀಲರ ಸಂಘಗಳು ಮಾಡುವ ಅಂಥ ನಿರ್ಣಯಗಳು ವಕೀಲಿ ವೃತ್ತಿಧರ್ಮಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ನನಗಂತೂ ಎದುರಿಗೆ ಒಳ್ಳೆಯ ವಕೀಲರೇ ಬೇಕು. ಆರೋಪಿಗೆ ಸರಿಯಾದ ವಕೀಲರಿಲ್ಲದೆ ಪಡೆದ ಶಿಕ್ಷೆ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮತ್ತೆ ಮೊದಲಿಂದ ವಿಚಾರಣೆ ಅಂದರೆ ಸತ್ತವರ ತಾಯಿ ಅದೇ ಕಟಕಟೆಯಲ್ಲಿ ಇನ್ನೊಂದು ಸಲ ನಿಲ್ಲಬೇಕು.

ಹಾಗಾದರೆ ಸುಮ್ನೆ ಕೂರಬೇಕಾ ಅಂತ ಕೇಳಬೇಡಿ. ಆರೋಪಿಯ ಫೋಟೋ, ವಿಡಿಯೋ, ನಿಮ್ಮ ಅಂಗಡಿ ಮುಂದಿನ ಕ್ಯಾಮೆರಾದ ದೃಶ್ಯ ಏನಿದ್ದರೂ ನೇರ ತನಿಖಾಧಿಕಾರಿಗೆ ಕೊಡಿ, ಬೇರೆ ಯಾರಿಗೂ ಕಳಿಸಬೇಡಿ. ಮೂಲ ಪ್ರತಿ ಅಳಿಸಬೇಡಿ. ಸಾಕ್ಷಿಯ ಮನೆಗೆ ಹೋಗಿ "ಇವನೇನಾ ನೋಡು" ಅಂತ ಫೋನ್ ಹಿಡಿಯಬೇಡಿ. ಪೊಲೀಸರು ಮಹಜರಿಗೆ ಪಂಚರಾಗಿ ಬನ್ನಿ ಅಂತ ಕರೆದರೆ ದಯವಿಟ್ಟು ಹೋಗಿ. ಠಾಣೆಯ ಮುಂದೆ ಧಿಕ್ಕಾರ ಕೂಗಲು ಇನ್ನೂರು ಜನ ಬಂದಿದ್ದ ಕೇಸಿನಲ್ಲಿ ಮಹಜರಿಗೆ ಸಹಿ ಹಾಕಲು ಇಬ್ಬರು ಸಿಗದೆ ಸಂಜೆವರೆಗೆ ಕಾದಿದ್ದನ್ನು ತನಿಖಾಧಿಕಾರಿಯೊಬ್ಬರು ನನಗೆ ಹೇಳಿದ್ದಾರೆ. "ಕೋರ್ಟು ಕಚೇರಿ ಅಲೆಯೋಕೆ ನಮ್ಮಿಂದ ಆಗಲ್ಲ ಸಾರ್" ಅಂದರಂತೆ ಎಲ್ಲರೂ.

ಆ ಹೂವಿನ ಅಮ್ಮ ಅಲೆದಿದ್ದರು. ಮೂರು ಸಲ ಸಮನ್ಸ್ ಮೇಲೆ ಬಂದು, ಮೂರು ಸಲವೂ ಕೇಸು ಮುಂದಕ್ಕೆ ಹೋಗಿ, ನಾಲ್ಕನೇ ಸಲ ಸಾಕ್ಷಿ ನುಡಿದಿದ್ದರು. ಪ್ರತಿ ಸಲವೂ ಒಂದು ದಿನದ ವ್ಯಾಪಾರ ಹೋಗಿತ್ತು. ಸಾಕ್ಷಿ ಮುಗಿಸಿ ಇಳಿದು ಬಂದವರು, "ಸರಿಯಾಗಿ ಹೇಳಿದ್ನಾ ಮೇಡಂ?" ಅಂತ ಕೇಳಿದರು. ಸರಿಯಾಗಿಯೇ ಹೇಳಿದಿರಿ ಅಮ್ಮಾ ಅಂದೆ.